ನಗೆಯೆಂಬ ಬಾಣ

ಮನೋರೋಗವನ್ನು ಕಲೆಯು ನಗೆಯ ವಸ್ತುವಾಗಿಸಬಹುದೇ? ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯೂ, ಅದನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದ ಚಿತ್ರವೂ ಈ ಪ್ರಶ್ನೆಗೆ ಉತ್ತರವನ್ನಿತ್ತಿವೆ. ‘ನಾಗರಹಾವು’ ಚಿತ್ರದಲ್ಲಿ ನಮ್ಮ ದುರ್ಗದ ಕೋಟೆಯನ್ನು ನಾಡಿಗೆಲ್ಲ ತೋರಿದವರೂ ಅವರೇ.

ಬಾಣಂತಿತನದಲ್ಲಿ ಮನಸ್ಸಿನ ಸ್ಥಿಮಿತ ಕಳೆದುಕೊಂಡ ಕಾವೇರಿ ಚಿಕಿತ್ಸೆಯಿಂದ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಆದರೆ ಅವಳು ನಕ್ಕರೂ, ಮುನಿದರೂ ಸುತ್ತಲಿನವರಿಗೆ ಅದು ಹುಚ್ಚಿನ ಲಕ್ಷಣ. ಈ ಕುಹಕವೂ ಪತಿಯ ಉಪೇಕ್ಷೆಯೂ ಅವಳನ್ನು ಮತ್ತೆ ರೋಗಕ್ಕೆ ನೂಕುತ್ತವೆ. ಕೃತಿಯ ಹೆಸರಿನಲ್ಲಿರುವ ಶರಗಳು ಇವೇ.

ಹಾಗೆಂದು ಇಂತಹ ವಸ್ತುವಿನಲ್ಲಿ ಹಾಸ್ಯವೇ ಕೂಡದೆಂದಲ್ಲ. ಕುಹಕಿಯ ಅಜ್ಞಾನಕ್ಕೆ ನಗಿಸುವ ಕಲೆ ಕಣ್ತೆರೆಸುತ್ತದೆ. ರೋಗಿಯ ತಡವರಿಕೆಯನ್ನು ಅಣಕಿಸುವುದು ಹಿಂಸೆಯಾಗುತ್ತದೆ. ತತ್ತ್ವಾರ್ಥಸೂತ್ರವು ಸತ್ಯವ್ರತದ ಭಾವನೆಗಳಲ್ಲಿ ಕ್ರೋಧ, ಲೋಭ, ಭಯಗಳೊಡನೆ ಹಾಸ್ಯದ ತ್ಯಾಗವನ್ನೂ ಸೇರಿಸಿರುವುದು ಅರ್ಥಪೂರ್ಣ. ನಗಿಸುವ ಆತುರದಲ್ಲಿ ಮೊದಲು ಅಳಿಯುವುದು ಸತ್ಯವೇ. ಪ್ರಹಸನದ ಹುಚ್ಚನಿಗೂ ನಿಜವಾಗಿ ನೊಂದವನಿಗೂ ಹೋಲಿಕೆಯಿಲ್ಲ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಂತಹ ರಂಗಕೇಂದ್ರವುಳ್ಳ ಸೀಮೆ ನಮ್ಮದು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಗಳಲ್ಲಿ ಉತ್ಸವಕ್ಕೆಂದು ನಾಟಕ ಏರ್ಪಡಿಸುವ ಧರ್ಮದರ್ಶಿಗಳು ಹಸ್ತಪ್ರತಿಯನ್ನು ಮೊದಲು ಓದಲಿ. ಸಭೆಯಲ್ಲಿ ಕಾವೇರಿಯೊಬ್ಬಳು ಕುಳಿತಿದ್ದರೆ ಈ ಮಾತಿಗೆ ಅವಳೂ ನಗಬಲ್ಲಳೇ ಎಂದು ಕೇಳಿಕೊಳ್ಳಲಿ.