ಕಿಣ್ವಗಳಿಗೆ ‘ಒಳ್ಳೆಯದು’, ‘ಕೆಟ್ಟದು’ ಎಂಬ ಹಣೆಪಟ್ಟಿ ಸರಿಯೇ?

ಕಲಬುರಗಿ, ಕಮಲಾಪುರ ಕಡೆಯ ತೊಗರಿ ಹೊಲಗಳಲ್ಲಿ ದುಡಿಯುವವರಿಗೆ ಹಾವಿನ ಭಯ ಹೊಸದಲ್ಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಕ್ರಮವನ್ನು ಕೆಡಿಸುತ್ತದೆ, ರಕ್ತದೊತ್ತಡವನ್ನು ಕುಗ್ಗಿಸುತ್ತದೆ. ಹೀಗೆ ಕಡಿತಕ್ಕೊಳಗಾದ ಹಲವರಲ್ಲಿ ಮೂತ್ರಪಿಂಡಗಳ ಕೆಲಸ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಇದೇ ತೀವ್ರ ಮೂತ್ರಪಿಂಡ ಹಾನಿ. ನಿರ್ಜಲೀಕರಣ, ಸೋಂಕು ಮತ್ತು ಕೆಲವು ಔಷಧಿಗಳಿಂದಲೂ ಇದು ಉಂಟಾಗುತ್ತದೆ. ಕೆಲವರು ಪೂರ್ಣವಾಗಿ ಚೇತರಿಸಿಕೊಂಡರೆ, ಕೆಲವರಲ್ಲಿ ನಾರುಗಟ್ಟಿದ ಕಲೆ ಉಳಿದು ದೀರ್ಘಕಾಲದ ರೋಗವಾಗುತ್ತದೆ. ಈ ವ್ಯತ್ಯಾಸವೇಕೆ?

ಉತ್ತರದ ಒಂದು ಭಾಗ ಕೈನೇಸ್ ಎಂಬ ಕಿಣ್ವಗಳಲ್ಲಿದೆ. ಇವು ಎಟಿಪಿಯಿಂದ ಫಾಸ್ಫೇಟನ್ನು ಪ್ರೋಟೀನಿಗೆ ವರ್ಗಾಯಿಸಿ ಕೋಶದೊಳಗೆ ಸಂಜ್ಞೆ ಸಾಗಿಸುತ್ತವೆ. ಈ ಕ್ರಿಯೆಯ ಮೂಲಭೂತ ಅಧ್ಯಯನಕ್ಕಾಗಿ ಫಿಶರ್ ಮತ್ತು ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ತರಗತಿಯ ಟಿಪ್ಪಣಿಗಳಲ್ಲಿ ಇವುಗಳ ಪರಿಚಯ ಸಾಮಾನ್ಯವಾಗಿ ಹೀಗಿರುತ್ತದೆ: ಇಆರ್‌ಕೆ ಕೋಶವನ್ನು ಉಳಿಸುತ್ತದೆ, ಜೆಎನ್‌ಕೆ ಮತ್ತು ಪಿ38 ಕೊಲ್ಲುತ್ತವೆ. ನೆನಪಿಡಲು ಇದು ಸುಲಭ, ಆದರೆ ಪ್ರಯೋಗಗಳಿಗೆ ಹೊಂದುವುದಿಲ್ಲ.

ಗಾಜಿನ ತಟ್ಟೆಯಲ್ಲಿ ಬೆಳೆಸಿದ ನಳಿಕೆಯ ಕೋಶಗಳನ್ನು ಆಕ್ಸಿಡೀಕರಣದ ಒತ್ತಡಕ್ಕೆ ಒಳಪಡಿಸಿದಾಗ ಇಆರ್‌ಕೆ ರಕ್ಷಕನಾಗಿ ಕಂಡಿದ್ದು ನಿಜ. ಆದರೆ ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್ ಕೊಟ್ಟ ಇಲಿಗಳಲ್ಲಿ ಅದೇ ಇಆರ್‌ಕೆಯನ್ನು ತಡೆದಾಗ ಹಾನಿ ಕಡಿಮೆಯಾಯಿತು. ಇಆರ್‌ಕೆಯನ್ನು ಚುರುಕುಗೊಳಿಸುವ ಇಜಿಎಫ್ ಗ್ರಾಹಿಯ ಕಥೆಯೂ ಹೀಗೆಯೇ. ಇದೂ ಒಂದು ಕೈನೇಸ್. ನಳಿಕೆಯ ಕೋಶಗಳಿಂದ ಇದನ್ನು ತೆಗೆದ ಇಲಿಗಳು ತಡವಾಗಿ ಚೇತರಿಸಿಕೊಂಡವು. ಗಾಯದ ನಂತರವೂ ಅದು ಬಹುಕಾಲ ಚುರುಕಾಗಿದ್ದರೆ ಅಂಗಾಂಶ ನಾರುಗಟ್ಟಿತು. ಮೊದಲ ದಿನಗಳಲ್ಲಿ ಬೇಕಾದ ಸಂಜ್ಞೆಯೇ ವಾರಗಳ ನಂತರ ಬೇಡವಾಗುತ್ತದೆ.

2010ರಲ್ಲಿ ಬಾನ್‌ವೆಂಟ್ರೆ ಅವರ ತಂಡ ಇನ್ನೊಂದು ಸುಳಿವು ಕೊಟ್ಟಿತು. ತೀವ್ರವಾಗಿ ಗಾಯಗೊಂಡ ಕೋಶಗಳು ವಿಭಜನೆಯ ಹೊಸ್ತಿಲಲ್ಲೇ, ಅಂದರೆ ಜಿ2 ಮತ್ತು ಎಂ ಹಂತಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಅವು ಸಾಯುವುದಿಲ್ಲ, ಜೆಎನ್‌ಕೆ ಮೂಲಕ ನಾರು ಬೆಳೆಸುವ ಪ್ರೋಟೀನುಗಳನ್ನು ಸ್ರವಿಸುತ್ತವೆ. ಹಾಗಾದರೆ ಜೆಎನ್‌ಕೆಯನ್ನು ‘ಕೊಲ್ಲುವ ಕಿಣ್ವ’ ಎಂದಷ್ಟೇ ಕರೆಯುವುದು ಎಷ್ಟು ಸರಿ?

ಪ್ರಯೋಗಗಳ ವಿಧಾನದಲ್ಲೂ ಒಂದು ಮಿತಿ ಇದೆ. ಹೆಚ್ಚಾಗಿ ಆರೋಗ್ಯವಂತ ಎಳೆಯ ಇಲಿಯ ರಕ್ತನಾಳವನ್ನು ಸ್ವಲ್ಪ ಹೊತ್ತು ಅದುಮಿ ಹಿಡಿಯುತ್ತಾರೆ. ಎಷ್ಟೋ ಬಾರಿ ತಡೆಮದ್ದನ್ನು ಅದಕ್ಕೂ ಮುಂಚೆಯೇ ಕೊಟ್ಟಿರುತ್ತಾರೆ. ಹೊಲದಲ್ಲಿ ಹಾವು ಕಚ್ಚಿದವರು ಆಸ್ಪತ್ರೆ ತಲುಪುವುದು ಗಂಟೆಗಳ ನಂತರ. ರಕ್ತದಲ್ಲಿ ಕ್ರಿಯಾಟಿನಿನ್ ಏರುವುದು ಇನ್ನೂ ತಡ. ಅಷ್ಟರಲ್ಲಿ ಮೊದಲ ಸಂಜ್ಞೆಗಳು ಮುಗಿದಿರುತ್ತವೆ. ಇಂದಿಗೂ ಈ ಹಾನಿಗೆ ಮಾನ್ಯತೆ ಪಡೆದ ಕೈನೇಸ್ ತಡೆಮದ್ದು ಇಲ್ಲದಿರಲು ಇದೂ ಒಂದು ಕಾರಣ ಎನ್ನಬಹುದು. ಬೇಗ ಪ್ರತಿವಿಷ, ದ್ರವಗಳ ಎಚ್ಚರಿಕೆಯ ಬಳಕೆ, ಅಗತ್ಯವಿದ್ದರೆ ಡಯಾಲಿಸಿಸ್ – ನಮ್ಮ ಕೈಯಲ್ಲಿರುವುದು ಇಷ್ಟೇ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ.

ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಕಿಣ್ವದ ಹೆಸರಿನ ಮುಂದೆ ‘ಒಳ್ಳೆಯದು’, ‘ಕೆಟ್ಟದು’ ಎಂದು ಬರೆಯುವ ಬದಲು ಮೂರು ಪ್ರಶ್ನೆಗಳನ್ನು ಬರೆಯಲಿ: ಯಾವ ಕೋಶದಲ್ಲಿ? ಯಾವ ಗಾಯಕ್ಕೆ? ಗಾಯವಾಗಿ ಎಷ್ಟು ಹೊತ್ತಾಯಿತು?