ಕೂಸಿಗೆ ನೀರೆರೆಯುವ ಪದ್ಧತಿ: ಉಳಿಯಬೇಕಾದ್ದು, ಬಿಡಬೇಕಾದ್ದು

ಬಾಣಂತಿ ಮನೆಯಲ್ಲಿ ಕೂಸಿಗೆ ನೀರೆರೆಯುವ ಹೊತ್ತೆಂದರೆ ಮನೆಮಂದಿಗೆಲ್ಲ ಸಂಭ್ರಮ. ಹಂಡೆಯಲ್ಲಿ ನೀರು ಕಾಯುತ್ತದೆ. ಅಜ್ಜಿಯೋ ಎರೆಯಲು ಬರುವ ಹಿರಿಯ ಹೆಂಗಸೋ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚುತ್ತಾರೆ. ಆಮೇಲೆ ಕಡಲೆಹಿಟ್ಟು, ಬಿಸಿನೀರು, ಸಾಂಬ್ರಾಣಿ ಹೊಗೆ, ತೇಯ್ದ ಬಜೆ, ಕಾಡಿಗೆ, ಕೊನೆಗೆ ತೊಟ್ಟಿಲು. ಈ ಪದ್ಧತಿಯನ್ನು ಮೆಚ್ಚುವವರು ಇಡಿಯಾಗಿ ಮೆಚ್ಚುತ್ತಾರೆ, ಹಳೆಯದೆನ್ನುವವರು ಇಡಿಯಾಗಿ ತಳ್ಳಿಹಾಕುತ್ತಾರೆ. ಶಿಶು ಬೆಳೆಯುವ ಬಗೆಯನ್ನು ಮುಂದಿಟ್ಟುಕೊಂಡು ಇದರ ಒಂದೊಂದು ಅಂಗವನ್ನೂ ಬಿಡಿಸಿ ನೋಡಬೇಕಾಗಿದೆ.

ಮೊದಲ ವರ್ಷ ದೇಹಕ್ಕೂ ಬುದ್ಧಿಗೂ ದೊಡ್ಡ ವರ್ಷ. ಸುಮಾರು ಐದು ತಿಂಗಳಿಗೆ ಹುಟ್ಟಿದಾಗಿನ ತೂಕ ಇಮ್ಮಡಿಯಾಗುತ್ತದೆ, ವರ್ಷ ತುಂಬುವ ಹೊತ್ತಿಗೆ ಮುಮ್ಮಡಿ. ಅದೇ ವರ್ಷದಲ್ಲಿ ಮಿದುಳಿನ ಗಾತ್ರವೂ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹೊಸದಾಗಿ ಹುಟ್ಟಿದ ಕೂಸಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ. ಎಣ್ಣೆ ಹಚ್ಚಲು ಬಾಗಿದ ಮುಖ ಆಗಾಗ ಆ ಅಳತೆಯೊಳಗೆ ಬರುತ್ತದೆ. ಮೂರು ದಿನ ತುಂಬದ ಶಿಶುಗಳೂ ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆಂದು 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ತೋರಿಸಿದರು. ಎರೆಯುವವರು ಸುಮ್ಮನೆ ಎರೆಯುವುದಿಲ್ಲ. "ಯಾಕೋ ಬಂಗಾರ, ಬಿಸಿ ಆಯ್ತಾ? ಆಯ್ತು ಆಯ್ತು, ಮುಗೀತು" ಎಂದು ಕೇಳುತ್ತಾರೆ, ಕೂಸಿನ 'ಊಂ'ಗೆ ಕಾಯುತ್ತಾರೆ, ಅದರ ಪರವಾಗಿ ತಾವೇ ಉತ್ತರವನ್ನೂ ಕೊಡುತ್ತಾರೆ. ಮಾತೆಂದರೆ ಸರದಿಯ ಮೇಲೆ ಆಡುವಂಥದ್ದು ಎಂಬ ಮೊದಲ ಪಾಠ ಅಲ್ಲೇ ಆಗುತ್ತದೆ. ಎರಡು ತಿಂಗಳ ಆಸುಪಾಸಿನಲ್ಲಿ ಕೂಸು ಮುಖ ನೋಡಿ ನಗತೊಡಗಿದಾಗ ಆ ಪಾಠ ಫಲಿಸಿದೆಯೆಂದು ತಿಳಿಯಬೇಕು. ಈ ಪದ್ಧತಿಯ ನಿಜವಾದ ಸತ್ವ ಇದೇ.

ಸ್ಪರ್ಶದ ಪರವಾಗಿಯೂ ಆಧಾರವಿದೆ. ಸಂಶೋಧಕಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಮೂರು ಸಲ 15 ನಿಮಿಷದಂತೆ ಹತ್ತು ದಿನ ಮೈ ನೀವಿಸಿಕೊಂಡ ಅವಧಿಪೂರ್ವ ಶಿಶುಗಳ ತೂಕ, ಉಳಿದವುಗಳಿಗಿಂತ ದಿನಕ್ಕೆ ಶೇಕಡ 47ರಷ್ಟು ಹೆಚ್ಚಾಗಿ ಏರಿತು. ಆದರೆ ಅದು ಆಸ್ಪತ್ರೆಯಲ್ಲಿ ಹದವರಿತ ಕೈ ಮಾಡಿದ ಕೆಲಸ. ಕೂಸು ಕಿರುಚುವಂತೆ ತಿಕ್ಕಿದರೆ ಮೂಳೆ ಗಟ್ಟಿಯಾಗುತ್ತದೆ ಎಂಬ ನಂಬಿಕೆಗೆ ಅದು ಸಾಕ್ಷಿಯಾಗದು. ಎಣ್ಣೆಯ ಬಲದಿಂದಲೇ ಮಗು ಬೇಗ ನಡೆಯಿತು ಎನ್ನುವುದಕ್ಕೂ ಆಧಾರ ಸಾಲದು. ಭಾರತವೂ ಸೇರಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಪ್ರಕಾರ, ಆರೋಗ್ಯವಂತ ಮಕ್ಕಳು ತಾವಾಗಿ ನಡೆಯತೊಡಗುವುದು ಎಂಟು ತಿಂಗಳಿಂದ ಹದಿನೇಳೂವರೆ ತಿಂಗಳ ನಡುವೆ ಯಾವಾಗಲಾದರೂ ಇರಬಹುದು. ಇಷ್ಟು ಅಗಲವಾದ ಅವಧಿಯಲ್ಲಿ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿ ಹೆಮ್ಮೆಪಡುವುದೂ ಕೊರಗುವುದೂ ಸಲ್ಲದು.

ಇನ್ನು ಬಿಡಲೇಬೇಕಾದವು. ಮೂಗಿಗೂ ಕಿವಿಗೂ ಎಣ್ಣೆ ಬಿಡುವುದು ಅಪಾಯ. ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಬಹುದು. ತಾಯಿಯ ಹಾರ್ಮೋನಿನಿಂದ ಊದಿದ ಎಳೆಗೂಸಿನ ಮೊಲೆಯನ್ನು ಹಿಂಡಿದರೆ ಕೀವಾಗಬಹುದು. ಮುಟ್ಟದೆ ಬಿಟ್ಟರೆ ಊತ ತಾನಾಗಿ ಇಳಿಯುತ್ತದೆ. ತಲೆ ದುಂಡಗಾಗಲೆಂದು ಒತ್ತುವುದು, ಮೂಗು ನೀಳವಾಗಲೆಂದು ಹಿಸುಕುವುದು, ಕಾಲು ಹಿಡಿದು ತಲೆಕೆಳಗಾಗಿ ತೂಗುವುದು ಯಾವುದೂ ಬೇಡ. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ, ಸೀಸ ಬೆಳೆಯುವ ಮಿದುಳಿಗೆ ವಿಷ. ಹೊಗೆ ಎಳೆಯ ಉಸಿರಾಟಕ್ಕೆ ತೊಂದರೆ. ಮೊದಲ ಆರು ತಿಂಗಳು ತಾಯಿಹಾಲೊಂದೇ ಸಾಕು. ಬಜೆ ನೆಕ್ಕಿಸುವುದು ಬೇಡ. ವರ್ಷ ತುಂಬುವವರೆಗೆ ಜೇನನ್ನಂತೂ ಕೊಡಲೇಬಾರದು.

ಎಲ್ಲ ಕೂಸಿಗೂ ಒಂದೇ ರೀತಿ ಎರೆಯುವುದೂ ತಪ್ಪು. ಹುಟ್ಟಿದ ಮೇಲೆ ಕನಿಷ್ಠ 24 ಗಂಟೆ ಸ್ನಾನ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತೂಕ ಕಡಿಮೆಯಿರುವ ಶಿಶುವಿಗೆ ಬಿಸಿನೀರಿಗಿಂತ ಎದೆಯ ಬಿಸುಪು ಮುಖ್ಯ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಶುರುವಾದ ಕಾಂಗರೂ ಆರೈಕೆ ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ವ್ಯಾಪಕವಾಗಿ ಜಾರಿಗೆ ಬಂದಿದೆ. ಈ ಆರೈಕೆಯಲ್ಲಿ ತಾಯಿಯ ಎದೆಯೇ ಕೂಸಿನ ಹಾಸಿಗೆ.

ಈ ಪದ್ಧತಿಯ ಇನ್ನೊಂದು ಕೊರತೆ, ಅದು ಅಪ್ಪನನ್ನು ಬಚ್ಚಲಿನ ಹೊರಗೇ ನಿಲ್ಲಿಸುತ್ತದೆ. ಅಜ್ಜಿ ದೂರದೂರಿನಲ್ಲಿರುವ ಇಂದಿನ ಮನೆಗಳಲ್ಲಿ ಎರೆಯುವುದನ್ನು ಸಂಬಳದವರಿಗೆ ಒಪ್ಪಿಸಿ, ಕೆಲಸ ಬೇಗ ಮುಗಿದರೆ ಸಾಕೆನ್ನುವುದೂ ಹೆಚ್ಚುತ್ತಿದೆ. ಮಾತಿಲ್ಲದೆ ಮುಗಿದ ಸ್ನಾನದಲ್ಲಿ ಮೈ ಶುಚಿಯಾದೀತು, ಮಗುವಿಗೆ ಸಿಗಬೇಕಾದ ಒಡನಾಟ ಸಿಗದು. ಅದನ್ನು ಅಪ್ಪ ಕಲಿತು ಕೊಡಬಲ್ಲ.

ಹಾಗಾಗಿ ಕಾಲ ಮೇಲಿನ ಆ ಜಾಗ, ಹದವಾದ ಕೈ, ಬಿಡದ ಮಾತು, ಜೋಗುಳ ಇವಿಷ್ಟೂ ಉಳಿಯಲಿ. ಒತ್ತುವುದು, ಹಿಂಡುವುದು, ಹನಿ ಬಿಡುವುದು, ಹೊಗೆ ಹಾಕುವುದು ನಿಲ್ಲಲಿ. ಎರೆಯುವವರು ದಿನವೂ ಕೂಸಿನ ಇಡೀ ಮೈಯನ್ನು ಕಾಣುವವರು. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ದೊಡ್ಡ ಸದ್ದಿಗೂ ಬೆಚ್ಚದಿದ್ದರೆ, ನಾಲ್ಕು ತಿಂಗಳು ಕಳೆದರೂ ಕುತ್ತಿಗೆ ನಿಲ್ಲದಿದ್ದರೆ ಅದು ಮೊದಲು ತಿಳಿಯುವುದು ಅವರಿಗೇ. ಅಂಥದ್ದು ಕಂಡರೆ ಇನ್ನಷ್ಟು ಎಣ್ಣೆ ತಿಕ್ಕುತ್ತ ಕಾಯಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಮಕ್ಕಳ ವೈದ್ಯರಿಗೆ ತೋರಿಸಿ.