ಹಂಗಿಸಿದ ಹೆಸರೇ ಗ್ರಂಥದ ಹೆಸರು

ಶ್ರೀ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಪ್ರಕಟವಾದ ಆತ್ಮಕಥನ. ಅದರ ಹೆಸರೇ ಒಂದು ಕುಹಕ. ಸರ್ಕಾರದ ವಿದ್ಯಾರ್ಥಿವೇತನ, ಮೀಸಲಾತಿಗಳ ನೆರವಿನಿಂದ ಓದುವ ದಲಿತರನ್ನು ಚುಚ್ಚಲು ಹುಟ್ಟಿದ ಮಾತದು. ಚುಚ್ಚಿದ ಮುಳ್ಳನ್ನೇ ಲೇಖಕರು ಲೇಖನಿಯಾಗಿ ಮಾಡಿಕೊಂಡಿದ್ದಾರೆ.

ಇದು ಹುಟ್ಟಿನಿಂದ ಹಿಡಿದು ಸಾಗುವ ಕಥನವಲ್ಲ; ಬಿಡಿಬಿಡಿ ಪ್ರಸಂಗಗಳ ಮಾಲೆ. ಅಪಮಾನದ ಗಳಿಗೆಗಳು ಇದರಿಂದ ತೀಕ್ಷ್ಣವಾಗಿವೆ, ನಿಜ. ಆದರೆ ಮುದ್ದೇಬಿಹಾಳದ ಬಾಲಕನೊಬ್ಬ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗುವವರೆಗಿನ ಓದಿನ ಖರ್ಚುವೆಚ್ಚದ ಪೂರ್ಣ ಚಿತ್ರ ದೊರೆಯದು. ನಮಗೆ ತೋರಿದ ಕೊರತೆ ಇದೊಂದೇ.

ಆ ಕುಹಕದ ಹಿಂದೆ ಒಂದು ನಂಬಿಕೆಯಿದೆ: ಪ್ರತಿಭೆಗೆ ಕೊಟ್ಟದ್ದು ಗೌರವ, ಹಿಂದುಳಿದವರಿಗೆ ಕೊಟ್ಟದ್ದು ಭಿಕ್ಷೆ. ಇತಿಹಾಸ ಇದನ್ನು ಒಪ್ಪುವುದಿಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ, ಅರ್ಹತೆಗೆ ಧಕ್ಕೆಯಾದೀತೆಂದು ಅಂಜಿದವರು ದಿವಾನ್ ವಿಶ್ವೇಶ್ವರಯ್ಯನವರು. ಅವರೇ ಎಳವೆಯಲ್ಲಿ ತಂದೆಯನ್ನು ಕಳೆದುಕೊಂಡು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರು. ಇದು ಆ ಮಹನೀಯರ ಹಿರಿಮೆಗೆ ಕುಂದಲ್ಲ. ಪ್ರತಿಭೆಗೂ ಅನ್ನ ಬೇಕೆಂಬುದಕ್ಕೆ ಸಾಕ್ಷಿ. ಮಿಲ್ಲರ್ ಸಮಿತಿ ಹಿಂದುಳಿದವರೆಂದು ಗಣಿಸಿದ ಬ್ರಾಹ್ಮಣೇತರ ಸಮುದಾಯಗಳಲ್ಲಿ ಲಿಂಗಾಯತರೂ ಇದ್ದರು. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆತನಗಳ ಮೊದಲ ಪದವೀಧರರು ಇಂತಹ ನೆರವಿನಿಂದಲೋ ಮಠದ ಪ್ರಸಾದನಿಲಯದಿಂದಲೋ ಓದಿದವರು. ಅವರನ್ನು ಯಾರೂ ‘ಮಠದ ಬ್ರಾಹ್ಮಣ’ರೆಂದು ಹಂಗಿಸಲಿಲ್ಲ!

ಇಂದಿನ ಸ್ಥಿತಿಯನ್ನೂ ನೋಡೋಣ. ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯಂತಹ ಮಳೆ ನಂಬಿದ ಸೀಮೆಯಿಂದ ಪಿ.ಯು.ಸಿ. ಮುಗಿಸಿ ತುಮಕೂರಿನ ಕಾಲೇಜಿಗೆ ಹೊರಟ ವಿದ್ಯಾರ್ಥಿನಿ ಮೊದಲು ಜಾತಿ, ಆದಾಯದ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮುಂದೆ ನಿಲ್ಲಬೇಕು. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರ ಕೊಡುವ ಕೇಂದ್ರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಹೆಚ್ಚು ಅಂಕ ಪಡೆದವರಿಗೆಂದೇ ಇರುವ ಕೇಂದ್ರದ ವೇತನಕ್ಕೂ 4.5 ಲಕ್ಷದ ಮಿತಿಯಿದೆ. ಪದವಿ ವ್ಯಾಸಂಗಕ್ಕೆ ದೊರೆಯುವುದು ವರ್ಷಕ್ಕೆ 12,000, ಅಂದರೆ ತಿಂಗಳಿಗೆ ಸಾವಿರ ರೂಪಾಯಿ. ಅಂಕವಂತರೂ ಬಡತನದ ಸಾಕ್ಷಿ ಒದಗಿಸಬೇಕಾದ ಮೇಲೆ, ಒಬ್ಬರ ಅರ್ಜಿ ಮೇಲು, ಇನ್ನೊಬ್ಬರದು ಕೀಳೆನ್ನುವುದೆಂತು? ಭೇದವಿರುವುದು ಒಂದೇ ಕಡೆ. ಬಡತನವನ್ನು ಮಾತ್ರ ಬರೆದುಕೊಟ್ಟವಳು ತರಗತಿಯಲ್ಲಿ ತಲೆಯೆತ್ತಿ ಕೂರಬಲ್ಲಳು. ಜಾತಿಯನ್ನೂ ಬರೆದುಕೊಟ್ಟವಳು ಸೂಚನಾಫಲಕದಲ್ಲಿ ತನ್ನ ಹೆಸರು ಕಂಡೊಡನೆ ಅಕ್ಕಪಕ್ಕ ನೋಡುತ್ತಾಳೆ.

ಮಾಲಗತ್ತಿಯವರ ಕೃತಿ ಹಿಡಿದಿರುವುದು ಈ ಅಕ್ಕಪಕ್ಕದ ನೋಟವನ್ನು. ದಲಿತ ಮಕ್ಕಳಿಗೆ ಅದು ಹೊಸತಲ್ಲ. ಪ್ರಸಾದನಿಲಯಗಳಲ್ಲಿ ಉಂಡು ಓದಿ ಇಂದು ಕಾಲೇಜುಗಳಲ್ಲಿ ಬೋಧಿಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು, ಈ ವರ್ಷದ ಅರ್ಜಿಗಳಿಗೆ ಸಹಿ ಹಾಕುವ ಮುನ್ನ ಇದನ್ನೊಮ್ಮೆ ಓದಲಿ.